ನೆಲ ಮುಟ್ಟದ ಕೆಲಸ

ಸೀಗಿ ಹುಣ್ಣಿಮೆಯ ದಿನ ಅಸುಂಡಿಯಲ್ಲಿ ನಾವು ಎತ್ತು ಹೂಡುವುದಿಲ್ಲ. ಅಂದು ಭೂಮಿ ಬಸುರಿ; ಕಬ್ಬಿಣ ಮುಟ್ಟಿಸಬಾರದು. ಆದರೆ ತೊಗರಿಗೆ ಹುಳ ಬಿದ್ದಿತ್ತು, ಔಷಧ ಹೊಡೆಯುವ ಡ್ರೋನಿನವನಿಗೆ ಬೇರೆ ದಿನ ಬಿಡುವಿರಲಿಲ್ಲ. ಕಾಕಾ ಯೋಚಿಸಿ ಹೇಳಿದರು:

"ಇದು ಹಾರತೈತಿ. ನೆಲ ಮುಟ್ಟಾಂಗಿಲ್ಲ. ನಡೀತೈತಿ."

"ಹಂಗಾರ ನೀವೂ ಹಾರಿಕೋತ ಹೋಗ್ರಿ, ಹೊಲ ತುಳೀಬ್ಯಾಡ್ರಿ" ಎಂದರು ಕಾಕು, ರೊಟ್ಟಿ ಬಡಿಯುತ್ತಲೇ.

ಬದುವಿನ ಮೇಲೆ ಮೂರು ಡ್ರೋನು ಸಾಲಾಗಿ ಇದ್ದವು. ಅವನ್ನು ನಡೆಸುವ ಹುಡುಗ ನನ್ನನ್ನು ಕೇಳಿದ: "ಹೊಲದಾಗ ಯಾರರ ಅದಾರೇನ್ರಿ?"

ಹಬ್ಬಕ್ಕೆ ಆಳು ಬರುವುದಿಲ್ಲ. "ಯಾರೂ ಇಲ್ರಿ" ಎಂದೆ. ಹೋಗಿ ನೋಡಿರಲಿಲ್ಲ.

ಮೂರೂ ಒಟ್ಟಿಗೆ ಎದ್ದವು. ಒಂದರ ಟ್ಯಾಂಕು ಬರಿದಾದರೆ ಅದು ತಾನೇ ಹಿಂದಿರುಗುತ್ತಿತ್ತು. ಅದರ ಸಾಲನ್ನು ಉಳಿದೆರಡು ಹಂಚಿಕೊಳ್ಳುತ್ತಿದ್ದವು. ಬೆನ್ನಿಗೆ ಪಂಪು ಕಟ್ಟಿಕೊಂಡು ನಾವು ಎರಡು ದಿನ ಹೊಡೆಯುತ್ತಿದ್ದ ಹೊಲವದು. ಅರ್ಧ ಆಗಲೇ ಮುಗಿದಿತ್ತು.

ಆಗ ತೊಗರಿಯ ನಡುವಿನಿಂದ ಕೂಗು ಬಂತು. ಹಬ್ಬದ ಅಡಿಗೆ ಕಲಸಿ ಭೂಮಿಗೆ ಎರಚುವುದಕ್ಕೆ ಚರಗ ಎನ್ನುತ್ತೇವೆ. ಇಷ್ಟರಲ್ಲಿ ಔಷಧ ಮುಗಿದಿರುತ್ತದೆ ಎಂದುಕೊಂಡು ಕಾಕು ಹಿಂದಿನ ಬದುವಿನಿಂದ ಚರಗ ಚೆಲ್ಲುತ್ತ ಒಳಗೆ ಬಂದಿದ್ದರು. ಆಳೆತ್ತರದ ಬೆಳೆಯಲ್ಲಿ ನಮಗೆ ಕಂಡಿರಲಿಲ್ಲ. ಸದ್ದಿಗೆ ತಲೆ ಎತ್ತಿದಾಗ ಒಂದು ಡ್ರೋನು ಔಷಧ ಸಿಂಪಡಿಸುತ್ತ ಅವರ ಮೇಲೆಯೇ ಹಾದು ಹೋಗಿತ್ತು.

ಹುಡುಗ ಮೂರನ್ನೂ ನಿಲ್ಲಿಸಿದ. ನಾನು ಓಡಿದೆ. ಕಾಕು ಎರಡೂ ಕಣ್ಣು ಮುಚ್ಚಿ ನಿಂತಿದ್ದರು, ಬುಟ್ಟಿ ಬಿಟ್ಟಿರಲಿಲ್ಲ. ಪೂಜೆಗೆ ತಂದ ಎರಡು ಕೊಡ ನೀರನ್ನೂ ಕಣ್ಣಿಗೆ ಹಾಕಿದೆವು. ರೆಪ್ಪೆ ಆಗಲೇ ಬಾತಿತ್ತು. ಕಾಕುವನ್ನು ಹುಡುಗನ ಗಾಡಿಗೆ ಹತ್ತಿಸಿ ಕಾಕಾ ತಾವೂ ಹತ್ತಿದರು, ಗದಗಿನ ಕಣ್ಣಿನ ದವಾಖಾನೆಗೆ.

ಗಾಡಿಯೊಳಗಿಂದ ಕಾಕು ನನ್ನ ಕೈ ಹುಡುಕಿ ಹಿಡಿದರು.

"ಚರಗದ ಮ್ಯಾಲೂ ಬಿದ್ದೈತಿ. ಹಕ್ಕಿ ತಿಂತಾವ. ಎಲ್ಲಾ ಆರಿಸಿ ತಗೀ."

ಅವರು ಹೋದರು. ನಾನು ಕೈಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು ಮೊಣಕಾಲೂರಿದೆ. ಸಜ್ಜಿ ರೊಟ್ಟಿಯ ಚೂರು, ಅನ್ನ, ಪುಂಡಿಪಲ್ಲೆ ಎರೆಮಣ್ಣಿಗೆ ಅಂಟಿಕೊಂಡಿದ್ದವು. ಮಣ್ಣಿನ ಸಮೇತ ಎತ್ತಿದೆ. "ಯಾರೂ ಇಲ್ರಿ" ಎಂದ ನನ್ನ ದನಿ ನನಗೇ ಕೇಳುತ್ತಿತ್ತು. ಒಂದೊಂದು ಸಾಲಿಗೂ ಫೋನು ತೆಗೆದು ನೋಡುತ್ತಿದ್ದೆ.

ನಾಲ್ಕು ಗಂಟೆಯ ಸುಮಾರಿಗೆ ಕಾಕಾ ಫೋನು ಮಾಡಿದರು. ಕಣ್ಣಿಗೆ ಧಕ್ಕೆಯಿಲ್ಲ, ಉರಿ ಎರಡು ದಿನ ಇರುತ್ತದೆ ಎಂದು ಡಾಕ್ಟರು ಹೇಳಿದ್ದರು. ನಾನು ನೆಲದ ಮೇಲೆಯೇ ಕುಳಿತೆ.

ಕಾಕು ಫೋನು ಕಸಿದುಕೊಂಡರು. "ಎಲ್ಲಾ ತಗದಿ?"

"ಹಿಂದಿನ ಬದು ಉಳದೈತ್ರಿ."

"ಮತ್ಯಾಕ ಕುಂತಿ?"

ನಾನು ಎದ್ದೆ.