ಒಂದು ಗೇಣು ಅಂತರ

ಸೈಕಲ್ ರೇಸಿನಲ್ಲಿ ಮುಂದಿನವರ ಗಾಲಿಗೂ ನಮ್ಮ ಗಾಲಿಗೂ ನಡುವೆ ಒಂದು ಗೇಣಿಗಿಂತ ಹೆಚ್ಚು ಜಾಗ ಇರಬಾರದು. ಅಷ್ಟು ಹತ್ತಿರ ಇದ್ದರೆ ಎದುರುಗಾಳಿಯನ್ನು ಮುಂದಿನವರು ಸೀಳುತ್ತಾರೆ, ಹಿಂದಿನವರ ಕಾಲಿನ ಶಕ್ತಿ ಉಳಿಯುತ್ತದೆ. ಅಂತರ ಎರಡು ಮಾರಾದರೆ ಗಾಳಿ ನಡುವೆ ನುಗ್ಗುತ್ತದೆ. ಆಮೇಲೆ ಎಷ್ಟು ತುಳಿದರೂ ಗುಂಪು ಸಿಗುವುದಿಲ್ಲ. ಇದನ್ನು ನಾನು ಕಲಿತದ್ದು ಅಫಜಲಪುರದ ರಸ್ತೆಯಲ್ಲಿ, ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ.

ಆಗ ಕಡಗಂಚಿಯ ವಿಶ್ವವಿದ್ಯಾಲಯದಲ್ಲಿ ಎಂ.ಎಸ್ಸಿ. ಓದುತ್ತಿದ್ದೆ. ಸೈಕಲ್ ಓಡಿಸುವ ನಮ್ಮ ಗುಂಪಿಗೆ ರೇಸ್ ಕಲಿಸುತ್ತಿದ್ದವರು ಒಬ್ಬ ನಿವೃತ್ತ ಪಿ.ಟಿ. ಮಾಸ್ತರರು. ಮುಂದೆ ಬೈಕ್ ಓಡಿಸಿ ಅದರ ಮರೆಯಲ್ಲಿ ನಮ್ಮನ್ನು ಓಡಿಸಬೇಕೆಂದರೆ ಅವರಿಗೆ ಮಂಡಿನೋವು. ಹಾಗಾಗಿ ಕಬ್ಬು ನುರಿಸುವ ಕಾಲದಲ್ಲಿ, ಕಾರ್ಖಾನೆಯಲ್ಲಿ ಕಬ್ಬು ಇಳಿಸಿ ಖಾಲಿ ಟ್ರೇಲಿ ಎಳೆದುಕೊಂಡು ಬರುವ ಟ್ರ್ಯಾಕ್ಟರುಗಳಿಗಾಗಿ ರಸ್ತೆ ಬದಿಯಲ್ಲಿ ಕಾಯುತ್ತಿದ್ದೆವು. ತುಂಬಿದ ಟ್ರೇಲಿ ಹೊಯ್ದಾಡುತ್ತ ನಿಧಾನಕ್ಕೆ ಹೋಗುತ್ತದೆ. ಖಾಲಿಯದು ಹಾರಿಕೊಂಡು ಹೋಗುತ್ತದೆ. ಚಾಲಕ ಹಚ್ಚಿದ ಹಾಡಿನ ಅಬ್ಬರಕ್ಕೆ ಹಿಂದೆ ನಾವಿರುವುದು ಅವನಿಗೆ ಗೊತ್ತೇ ಆಗುತ್ತಿರಲಿಲ್ಲ.

“ಆಕಳ ಹಿಂದ ಕರಾ ಹೋದಂಗ ಹೋಗ್ರಬೇ!” ಎಂದು ಮಾಸ್ತರರು ಕೂಗುತ್ತಿದ್ದರು.

ಹಾಗೇ ಹೋಗುತ್ತಿದ್ದೆವು. ಟ್ರೇಲಿಯ ಹಿಂದೆ ಗಾಳಿಯೇ ಇರುತ್ತಿರಲಿಲ್ಲ. ಕಾಲುಗಳು ತಾವಾಗಿಯೇ ತಿರುಗುತ್ತಿದ್ದವು. ಆ ಚಳಿಗಾಲದಲ್ಲಿ ನಾನು ಮೊದಲ ಸಲ ಒಂದು ರೇಸ್ ಗೆದ್ದೆ. ಮಾಸ್ತರರು ಎಲ್ಲರಿಗೂ ಮಿರ್ಚಿ ಭಜಿ ಕೊಡಿಸಿ, ನನ್ನ ತಟ್ಟೆಯಲ್ಲಿದ್ದ ದೊಡ್ಡದನ್ನು ತಾವೇ ಎತ್ತಿಕೊಂಡರು. “ಗೆದ್ದಾಕಿ ನೀ, ಖಾರ ನನಗಿರ್ಲಿ” ಎಂದರು. ನಾನು ಜೋರಾಗಿ ನಗುವವಳಲ್ಲ. ಅವತ್ತು ನಕ್ಕಿದ್ದೆ.

ಕೆಲವೇ ವಾರಗಳ ನಂತರ, ಮುಂದಿನ ಟ್ರೇಲಿ ಒಂದು ತಗ್ಗಿನಲ್ಲಿ ಇಳಿದು ಎದ್ದಿತು. ಅದರ ತಳದಲ್ಲಿ ಉಳಿದಿದ್ದ ಒಂದೇ ಒಂದು ಕಬ್ಬು ಜಾರಿ ಕೆಳಗೆ ಬಿತ್ತು. ಅದು ನನ್ನ ಮುಂದಿನ ಗಾಲಿಯ ಕಡ್ಡಿಗಳಲ್ಲಿ ಸಿಕ್ಕ ಸದ್ದು ಮಾತ್ರ ನೆನಪಿದೆ, ಬಿದ್ದದ್ದು ನೆನಪಿಲ್ಲ. ಹೆಗಲಿನ ಎಲುಬು ಮುರಿದಿತ್ತು. ಟ್ರ್ಯಾಕ್ಟರು ಹಾಡಿನ ಸಮೇತ ಮುಂದೆ ಹೋಗಿಬಿಟ್ಟಿತ್ತು.

ಎಲುಬು ಕೂಡಿಕೊಂಡಿತು. ಆದರೆ ಇನ್ನೊಬ್ಬರ ಗಾಲಿಯ ಹತ್ತಿರ ಹೋದರೆ ಕೈ ನನ್ನ ಮಾತು ಕೇಳದೆ ಬ್ರೇಕ್ ಹಿಡಿಯತೊಡಗಿತು. ಬಸ್ಸಿನಲ್ಲಿ ಮುಂದಿನ ಸೀಟಿನಲ್ಲಿ ಕುಳಿತಾಗಲೂ, ಎದುರಿಗೆ ಲಾರಿ ಕಂಡರೆ ಬೆರಳುಗಳು ಮಡಚಿಕೊಳ್ಳುತ್ತಿದ್ದವು. ಯಾರಿಗೂ ಹೇಳಲಿಲ್ಲ. ಆಳಂದದ ಕಾಲೇಜಿನಲ್ಲಿ ಪಾಠ ಹೇಳುವ ಕೆಲಸ ಸಿಕ್ಕಿತು. ಇನ್ನು ಸಮಯವಿಲ್ಲ ಎಂದು ಹೇಳಿ ರೇಸ್ ಬಿಟ್ಟೆ. ಮಾಸ್ತರರು ಒಂದು ಗುಂಪು ಹುಡುಗಿಯರನ್ನು ನನಗೆ ಒಪ್ಪಿಸಿದರು. “ಓಡಸೂದು ಬ್ಯಾಡಂದ್ರ ಬಿಡು, ಕಲಸೂದಾದ್ರೂ ಕಲಸು.”

ನಾನು ಮಾಡಿದ ಮೊದಲ ಕೆಲಸ ಟ್ರ್ಯಾಕ್ಟರಿನ ಹಿಂದೆ ಹೋಗುವುದನ್ನು ನಿಲ್ಲಿಸಿದ್ದು. ಅದು ಸರಿಯೇ ಇತ್ತು. ಆದರೆ ನಾನು ಅಲ್ಲಿಗೆ ನಿಲ್ಲಲಿಲ್ಲ. ಸ್ಕೂಟರಿನಲ್ಲಿ ಹುಡುಗಿಯರ ಬದಿಗೆ ಹೋಗುತ್ತ, ಅವರಲ್ಲಿ ಇಬ್ಬರು ಸ್ವಲ್ಪ ಹತ್ತಿರವಾದರೂ “ಅಂತರ ಬಿಡು!” ಎಂದು ಕೂಗುತ್ತಿದ್ದೆ.

ಆ ಗುಂಪಿನಲ್ಲಿ ಮಾದನಹಿಪ್ಪರಗಾದಿಂದ ಬರುತ್ತಿದ್ದ ಒಬ್ಬ ಹುಡುಗಿಯಿದ್ದಳು. ಪಿಯುಸಿ ಓದುತ್ತಿದ್ದಳು. ನನ್ನ ಹಳೆಯ ಸೈಕಲ್ಲುಗಳಲ್ಲಿ ಒಂದನ್ನು ಅವಳಿಗೆ ಕೊಟ್ಟಿದ್ದೆ. ಒಂಟಿಯಾಗಿ ಓಡಿಸಿದರೆ ಅವಳನ್ನು ಹಿಡಿಯುವವರು ನಮ್ಮ ಕಡೆ ಇರಲಿಲ್ಲ. ಬಾಯಿಯೂ ಅಷ್ಟೇ ಚುರುಕು.

“ಅಕ್ಕಾರ, ಕನಸಿನ್ಯಾಗೂ ನೀವು ಅಂತರ ಅಂತರ ಅಂತ ಒದರತೀರಿ ನೋಡ್ರಿ” ಎನ್ನುತ್ತಿದ್ದಳು.

ಅಫಜಲಪುರದಲ್ಲಿ ಒಂದು ರೇಸ್ ನಡೆಯಿತು. ಅವಳು ಶುರುವಿನಿಂದಲೂ ಮುಂದಿನವಳಿಂದ ಎರಡು ಮಾರು ದೂರ ಉಳಿದಳು. ಊರು ದಾಟಿದ ಮೇಲೆ ಗಾಳಿ ಎದುರಾಯಿತು, ಗುಂಪು ಅವಳನ್ನು ಬಿಟ್ಟು ಹೋಯಿತು. ಕೊನೆಯವಳಾಗಿ ಬಂದಳು. ಕುರ್ಚಿ ಹಾಕಿಕೊಂಡು ನೋಡುತ್ತಿದ್ದ ಮಾಸ್ತರರು ಕೇಳಿದರು: “ಕಾಲಾಗ ದಮ್ ಅದ. ಗಾಲಿ ಯಾಕ ಹಿಡೀಲಿಲ್ಲಬೇ? ಹೆದರಿಕಿ ಏನು?”

“ನನಗೇನ್ ಹೆದರಿಕಿ ಇಲ್ರಿ ಸರ್. ಅಕ್ಕಾರ ಅಂತರ ಬಿಡು ಅಂದಾರ್ರಿ.”

ಮಾಸ್ತರರು ನನ್ನತ್ತ ನೋಡಿದರು.

ಮುಂದಿನ ತಿಂಗಳು ಜೇವರ್ಗಿಯಲ್ಲಿ ಕ್ರೀಡಾ ಹಾಸ್ಟೆಲ್ಲಿನ ಆಯ್ಕೆ ಇತ್ತು. ಮೊದಲ ಮೂವರನ್ನು ಮಾತ್ರ ತೆಗೆದುಕೊಳ್ಳುತ್ತಿದ್ದರು. ಅಲ್ಲಿ ಒಳ್ಳೆಯ ಸೈಕಲ್ಲು, ಹೊಟ್ಟೆ ತುಂಬ ಊಟ, ದಿನವೂ ಅಭ್ಯಾಸ. ಅವಳ ವಯಸ್ಸಿಗೆ ಅದೇ ಕೊನೆಯ ಅವಕಾಶ. ತಪ್ಪಿದರೆ ಅವಳ ಸೈಕಲ್ ರೇಸು ಅಲ್ಲಿಗೆ ಮುಗಿಯುತ್ತಿತ್ತು.

ನಾನು ಸೈಕಲ್ಲು ಹೊರತೆಗೆದೆ. ಮೊದಲು ನಾನು ಮುಂದೆ, ಅವಳು ಹಿಂದೆ. ಎರಡೇ ದಿನದಲ್ಲಿ ಅವಳು ಗಾಲಿ ಹಿಡಿದಳು. ನನ್ನ ಬೆನ್ನ ಹಿಂದೆ ಅವಳ ಉಸಿರು ಕೇಳುತ್ತಿತ್ತು. ಸರದಿ ಬದಲಾಗಬೇಕಲ್ಲ, ನಾನೂ ಹಿಂದೆ ಹೋಗಬೇಕಾಯಿತು. ಅವಳ ಹಿಂದಿನ ಗಾಲಿ ಕಣ್ಣೆದುರು ತಿರುಗುತ್ತಿತ್ತು. ಕಬ್ಬು ಸಿಕ್ಕ ಸದ್ದು ಕಿವಿಯಲ್ಲಿ ಶುರುವಾಯಿತು.

“ಅಕ್ಕಾರ, ಹತ್ರ ಬಂದ್ರೇನ್ರಿ?” ತಿರುಗದೆಯೇ ಕೇಳಿದಳು.

“ಬಂದೇನಿ.”

“ಸುಳ್ಳ ಹೇಳಬ್ಯಾಡ್ರಿ. ಬಿಸಲ ಹಿಂದಿನಿಂದ ಬೀಳಾಕತ್ತದ. ನಿಮ್ಮ ನೆರಳ ಇನ್ನೂ ನನ್ನ ತನಕ ಬಂದೇ ಇಲ್ಲ.”

ಆ ಮೇಲೆ ದಿನವೂ ಆ ನೆರಳನ್ನೇ ನೋಡುತ್ತ ತುಳಿದೆ. ನನ್ನ ನೆರಳು ಅವಳನ್ನು ಮುಟ್ಟಿದ ಬೆಳಿಗ್ಗೆಯೂ ಭಯ ಹೋಗಿರಲಿಲ್ಲ. ಭಯ ಇಟ್ಟುಕೊಂಡೇ ಒಂದು ಗೇಣಿಗೆ ಬಂದಿದ್ದೆ, ಅಷ್ಟೆ. ಆದರೆ ಬಾಯಿ ನಿಂತಿರಲಿಲ್ಲ. ಅವಳು ಬೇರೆಯವರ ಹಿಂದೆ ಹೋದಾಗ ನನಗೆ ಗೊತ್ತಿಲ್ಲದೆಯೇ “ಅಂತರ” ಎಂದು ಕೂಗಿಬಿಡುತ್ತಿದ್ದೆ. ಕೂಗಿದ ಕೂಡಲೇ ಅವಳ ಕೈ ಬ್ರೇಕಿಗೆ ಹೋಗುತ್ತಿತ್ತು.

ಜೇವರ್ಗಿಯಲ್ಲಿ ಆ ದಿನ ಗಾಳಿ ಬಲವಾಗಿತ್ತು. ನಾನು ಮುಕ್ತಾಯದ ಗೆರೆಗೆ ಮುಂಚಿನ ತಿರುವಿನಲ್ಲಿ ನಿಂತೆ. ಗುಂಪು ಕಾಣಿಸಿಕೊಂಡಾಗ ಅವಳು ನಾಲ್ಕನೆಯವಳಾಗಿದ್ದಳು, ಮುಂದಿನ ಗಾಲಿಯಿಂದ ಒಂದು ಗೇಣು ಹಿಂದೆ. ಅವಳ ಹಿಂದೆ ಹುಡುಗಿಯರು ಸಾಲಾಗಿ ಅಂಟಿಕೊಂಡಿದ್ದರು. ತಿರುವಿನಲ್ಲಿ, ಯಾವುದೋ ಗಾಡಿಯಿಂದ ಬಿದ್ದ ತೊಗರಿ ಕಟ್ಟಿಗೆ ಹರಡಿತ್ತು. ಮುಂದಿನ ಮೂವರು ತಟ್ಟನೆ ಬದಿಗೆ ಸರಿದರು. ಅವಳೂ ಸರಿದಳು, ಅಂತರ ಬಿಡದೆ.

ಆ ಪದ ನನ್ನ ಗಂಟಲಿಗೆ ಬಂತು. ಕೂಗಿದರೆ ಅವಳು ಬ್ರೇಕ್ ಹಿಡಿಯುತ್ತಾಳೆ, ಹಿಂದಿನವರೆಲ್ಲ ಅವಳ ಮೇಲೆ. ವೇಲಿನ ತುದಿಯನ್ನು ಬಾಯಿಗೆ ತುರುಕಿಕೊಂಡು ಕಚ್ಚಿದೆ. ಅವರು ನನ್ನೆದುರು ಹಾದುಹೋದರು. ಮರುಕ್ಷಣವೇ ಕಬ್ಬಿಣ ರಸ್ತೆಗೆ ಉಜ್ಜಿದ ಸದ್ದು.

ಬಿದ್ದವರ ಅಂಗಿಯ ಬಣ್ಣ ಯಾವುದು ಎಂದು ನೋಡಲು ಕಣ್ಣು ಒಪ್ಪಲಿಲ್ಲ. ನೋಡಿದೆ. ಸಾಲಿನ ಕೊನೆಯಲ್ಲಿದ್ದ ಬೇರೆ ಇಬ್ಬರು ಬಿದ್ದಿದ್ದರು. ಓಡಿಹೋಗಿ ಒಬ್ಬಳನ್ನು ಎಬ್ಬಿಸಿದೆ. ಮೊಣಕೈ ತರಚಿತ್ತು, ಎಲುಬು ಗಟ್ಟಿಯಾಗಿತ್ತು. ಅವಳ ಭುಜವನ್ನು ಮತ್ತೆ ಮತ್ತೆ ಸವರುತ್ತಿದ್ದ ನನ್ನ ಕೈಯನ್ನು ಅವಳೇ ಹಿಡಿದು ನಿಲ್ಲಿಸಿದಳು. ರೇಸ್ ಮುಗಿದದ್ದನ್ನು ನಾನು ನೋಡಲೇ ಇಲ್ಲ.

ನಮ್ಮ ಹುಡುಗಿ ಸೈಕಲ್ಲು ತಳ್ಳಿಕೊಂಡು ನನ್ನನ್ನು ಹುಡುಕುತ್ತ ಬಂದಳು. ಮೂರನೆಯ ಸ್ಥಾನ. ಹೆಸರು ಬರೆದುಕೊಂಡಿದ್ದರು.

“ಎಲ್ಲಿ ನಿಂತಿದ್ರಿ ಅಕ್ಕಾರ? ತಿರುವಿನ್ಯಾಗ ನೀವು ಒದರತೀರಿ ಅಂತ ಮಾಡಿದ್ದೆ. ಒದರಿದ್ರ ಬ್ರೇಕ್ ಹಿಡೀತಿದ್ದೆ ನೋಡ್ರಿ.”

“ಅಲ್ಲೇ ಇದ್ದೆ.”

ಅವಳ ಕಣ್ಣು ನನ್ನ ವೇಲಿನ ಮೇಲೆ ಬಿತ್ತು. ತುದಿ ತೊಯ್ದು ಮುದುಡಿತ್ತು, ಹಲ್ಲಿನ ಗುರುತು ಮೂಡಿತ್ತು.

“ಇದೇನ್ರಿ?”

“ನೀರ ಕುಡಿಯುವಾಗ ಚೆಲ್ಲೇದ” ಎಂದೆ.

ಈ ಸಲ ಅವಳು ಸುಳ್ಳು ಎನ್ನಲಿಲ್ಲ. ತುದಿಯನ್ನು ಕೈಗೆ ತೆಗೆದುಕೊಂಡು, ಹಿಂಡಿ, ನೆಟ್ಟಗೆ ಮಾಡಿ ನನ್ನ ಹೆಗಲ ಮೇಲೆ ಹಾಕಿದಳು.