ಮಡುವಿನ ಅಂಚಿನಲ್ಲಿ ಸಣ್ಣಯ್ಯ

ತೆಪ್ಪದ ಸಣ್ಣಯ್ಯನವರಿಗೆ ನಗು ಬರುತ್ತಿದ್ದದ್ದು ಮೂಗಿನಿಂದ. ತುಟಿ ಬಿಗಿದೇ ಇರುತ್ತಿತ್ತು, ಮೂಗಿನಿಂದ ಮಾತ್ರ ‘ಹ್ಞುಂ’ ಎಂದೊಂದು ಸದ್ದು ಹೊರಡುತ್ತಿತ್ತು. ಅಷ್ಟರಲ್ಲಿ ಎದುರಿಗಿದ್ದವನ ಓದು, ಕೆಲಸ, ಇಸ್ತ್ರಿ ಮಾಡಿದ ಅಂಗಿ ಎಲ್ಲದರ ಮರ್ಯಾದೆಯೂ ಹೋಗಿರುತ್ತಿತ್ತು. ಶ್ರೀರಂಗಪಟ್ಟಣದ ಹೊಳೆದಂಡೆಯಲ್ಲಿ ಎರಡು ವರ್ಷ ಆ ಸದ್ದನ್ನು ಕೇಳಿದ್ದೇನೆ. ಪ್ರತಿ ಸಲವೂ ಅದು ನನಗೆ ತಕ್ಕದ್ದೇ ಆಗಿತ್ತು.

ನಾನು ನಾಗಮಂಗಲದವನು. ಹೊಳೆದಂಡೆಯನ್ನು ‘ಬೀಚ್’ ಮಾಡುವ ಕಾಮಗಾರಿಗೆ ಕಂಟ್ರಾಕ್ಟರ ಕಡೆಯ ಸೂಪರ್‌ವೈಸರ್ ಆಗಿ ಬಂದಿದ್ದೆ. ಹಿಂದೆ ಅಲ್ಲಿ ನಿಜವಾದ ಮರಳೇ ಇತ್ತಂತೆ, ಜನ ಸಂಜೆ ಬುತ್ತಿ ಕಟ್ಟಿಕೊಂಡು ಬಂದು ಕೂರುತ್ತಿದ್ದರಂತೆ. ಆ ಮರಳು ಲಾರಿ ಹತ್ತಿ ಹೋದ ಮೇಲೆ ಉಳಿದದ್ದು ಮುಳ್ಳು, ಕೆಸರು, ಬಾಟಲಿ ಚೂರು. ಅದನ್ನು ಮತ್ತೆ ಹಿಂದಿನಂತೆ ಮಾಡಿ, ಇನ್ನಷ್ಟು ಚೆಂದಗಾಣಿಸುವುದು, ಆಮೇಲೆ ನೋಡಿಕೊಳ್ಳುವುದು ನಮ್ಮ ಕೆಲಸ. ನಾವು ಎಂ-ಸ್ಯಾಂಡು ತಂದು ಸುರಿಯತೊಡಗಿದಾಗ ಸಣ್ಣಯ್ಯ ತಮ್ಮ ತೆಪ್ಪಕ್ಕೆ ಟಾರು ಬಳಿಯುವುದನ್ನು ನಿಲ್ಲಿಸಿ ನೋಡಿದರು.

“ಒಳೆ ಮರಳ್ನೆಲ್ಲ ಬಾಚ್ಕಂಡೋಗಿ ಮನೆ ಕಟ್ಕಂಡ್ರಿ. ಈಗ ಬಂಡೆ ಪುಡಿ ತಂದು ಒಳೆಗೆ ಸುರೀತಾ ಇದ್ದೀರ. ನಾಚ್ಕೆ ಆಗಾಕಿಲ್ವೇನ್ಲಾ?”

ಸಿಮೆಂಟಿನ ಎರಡು ಡಾಲ್ಫಿನ್ ಬಂದಿಳಿದ ದಿನ ಅವುಗಳ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. “ಇದ್ಯಾವ ಮೀನ್ಲಾ? ಸಾರ್‌ಗಾಯ್ತದಾ, ಉರಿಯಾಕಾಯ್ತದಾ?”

“ಸಮುದ್ರದ್ದು ಯಜಮಾನ್ರೆ. ನೋಡಾಕೆ ಅಷ್ಟೇ.”

“ನಿನ್ನಂಗೇ ಅನ್ನು,” ಎಂದು ಟಾರಿನ ಡಬ್ಬದ ಕಡೆ ಹೊರಟರು.

ಆದರೆ ಅವರ ನಿಜವಾದ ತಕರಾರು ಡಾಲ್ಫಿನ್ನಿನ ಮೇಲಿರಲಿಲ್ಲ. ಬೀಚಿನ ಜಾಗವೇ ತಪ್ಪಾಗಿತ್ತು, ಆ ತಪ್ಪು ನನ್ನದು. ನಮ್ಮ ಕಡೆ ಇರುವುದು ಕೆರೆ. ಕೆರೆಯ ಅಂಗಳದಲ್ಲಿ ಆಳ ಮೆಲ್ಲಗೆ ಹೆಚ್ಚುತ್ತದೆ. ಹತ್ತು ಹೆಜ್ಜೆಗೆ ಮೊಣಕಾಲು, ಇಪ್ಪತ್ತು ಹೆಜ್ಜೆಗೆ ಸೊಂಟ. ಬೇಸಿಗೆಯಲ್ಲಿ ನೀರು ಇಳಿದಿದ್ದಾಗ ನಾನು ಹತ್ತು ಹೆಜ್ಜೆ ಅಳೆದು, ಮುಂದಿನದನ್ನು ಅದೇ ಲೆಕ್ಕದಲ್ಲಿ ಊಹಿಸಿ ಬರೆದುಕೊಟ್ಟಿದ್ದೆ. ಹೊಳೆ ತಿರುಗುವ ಜಾಗದಲ್ಲಿ ಹನ್ನೊಂದನೇ ಹೆಜ್ಜೆಗೇ ಆಳದ ಮಡು ಬಾಯಿ ತೆರೆದಿರಬಹುದೆಂದು ನನ್ನ ತಲೆಗೆ ಬರಲೇ ಇಲ್ಲ.

ಸಣ್ಣಯ್ಯ ನನ್ನನ್ನು ತೆಪ್ಪದಲ್ಲಿ ಕೂರಿಸಿಕೊಂಡು ಹೋಗಿ ಬಿದಿರಿನ ಗಳ ನೀರಿಗಿಳಿಸಿದರು. ಗಳ ಪೂರ್ತಿ ಮುಳುಗಿತು, ತಳ ಸಿಗಲಿಲ್ಲ.

“ಕೆರೆ ಏರಿ ಮ್ಯಾಲೆ ಬೆಳ್ದೋನು ಒಳೆ ಅಳ್ಯಾಕೆ ಬಂದವ್ನೆ! ಮ್ಯಾಲಕ್ಕೆ ಇನ್ನೂರು ಮಾರು ಓಗು. ಅಲ್ಲಿ ಬಂಡೆ ಮ್ಯಾಲೆ ಮೊಣಕಾಲುದ್ದ ನೀರು. ಅಲ್ಲಿ ಮಾಡ್ರಲಾ ನಿಮ್ ಬೀಚ.”

ಎಂಜಿನಿಯರಿಗೆ ಹೇಳಿದೆ. ಅಲ್ಲಿಂದ ಹಳೇ ಸೇತುವೆ ಫೋಟೋಗೆ ಸಿಗುವುದಿಲ್ಲ ಎಂದರು. ಜನ ಮಡುವಿಗೆ ಹೋಗದಂತೆ ಅಡ್ಡಕ್ಕೆ ತೇಲುವ ಹಗ್ಗವಾದರೂ ಕಟ್ಟಿಸಿ ಎಂದೆ. ಎಸ್ಟಿಮೇಟಿನಲ್ಲಿ ಇಲ್ಲ ಎಂದರು. ಡಾಲ್ಫಿನ್ ಇತ್ತು, ಹಗ್ಗ ಇರಲಿಲ್ಲ. ಇಂಥವರ ಕೈಕೆಳಗೆ ದುಡಿದೆನಲ್ಲ ಎಂದು ಈಗಲೂ ಅಸಹ್ಯವಾಗುತ್ತದೆ. ಅಳತೆ ತಪ್ಪಿದ್ದು ನಾನೇ ಎಂದು ಕಾಗದದಲ್ಲಿ ಬರೆದುಕೊಡುವ ಧೈರ್ಯವಿಲ್ಲದ ನನ್ನ ಮೇಲೆ ಇನ್ನೂ ಹೆಚ್ಚು ಅಸಹ್ಯವಾಗುತ್ತದೆ.

ಉದ್ಘಾಟನೆಯಾದ ಮೇಲಿನ ಮೊದಲ ಭಾನುವಾರ. ಪಾಂಡವಪುರದಿಂದ ಬಂದಿದ್ದ ಹೆಂಗಸೊಬ್ಬರು, ಗಂಡ ಫೋಟೋ ತೆಗೆಯುತ್ತಿದ್ದಾನೆಂದು ನೀರಿನಲ್ಲಿ ಹಿಂದಕ್ಕೆ ಹಿಂದಕ್ಕೆ ಸರಿಯುತ್ತ ಕಾಣೆಯಾದರು. ಸಣ್ಣಯ್ಯ ಹಾರಿ, ಜಡೆ ಹಿಡಿದು ಎಳೆದು ತಂದರು. ಆಕೆ ನೀರು ಕಕ್ಕಿ ಉಸಿರಾಡಿದ ಮೇಲೆ ಸಣ್ಣಯ್ಯ ಆ ಗಂಡನ ಕಡೆ ತಿರುಗಿ, “ಪೋಟ ಸಂದಾಗ್ ಬಂತಾ ಸ್ವಾಮಿ?” ಎಂದರು.

ಅಂದಿನಿಂದ ಪ್ರತಿ ಭಾನುವಾರ, ಬೆಳಗ್ಗೆಯಿಂದ ಸಂಜೆಯವರೆಗೆ, ಅರವತ್ತು ದಾಟಿದ ಆ ಮನುಷ್ಯ ಮಡುವಿನ ಅಂಚಿನಲ್ಲಿ ಸೊಂಟಮಟ್ಟ ನೀರಿನಲ್ಲಿ ನಿಂತರು. ಹತ್ತಿರ ಬಂದವರನ್ನೆಲ್ಲ ಬೈದು ಅಟ್ಟಿದರು. ಬಂದವರು ಅವರನ್ನು ಕುಡುಕ ಎಂದುಕೊಂಡರು, ಒಂದಿಬ್ಬರು ನನ್ನ ಹತ್ತಿರ ದೂರು ಕೂಡ ಕೊಟ್ಟರು. ಸ್ವಲ್ಪ ಹೊತ್ತು ದಡಕ್ಕೆ ಬಂದು ಕೂತು ಊಟ ಮಾಡಿ ಎಂದರೆ, “ನೀ ಬಂದು ನಿಂತ್ಕತೀಯೇನ್ಲಾ? ಈಜು ಬತ್ತದಾ?” ಎನ್ನುತ್ತಿದ್ದರು. ನನಗೆ ಬರುತ್ತಿರಲಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಎದೆಯಲ್ಲಿ ಕಫ ಕಟ್ಟಿ ಆಸ್ಪತ್ರೆ ಸೇರಿದರು. ಕಿತ್ತಳೆ ಹಣ್ಣು ತೆಗೆದುಕೊಂಡು ನೋಡಲು ಹೋದೆ. ಹಣ್ಣಿನ ಕಡೆ ಅವರು ತಿರುಗಿಯೂ ನೋಡಲಿಲ್ಲ.

“ಈ ವಾರ ಯಾರ್ ನಿಂತವ್ರೆ?”

“ಹಗ್ಗ ಬಂತು ಯಜಮಾನ್ರೆ. ಕಟ್ಟಿದ್ದೀವಿ.”

ನನ್ನ ಮುಖ ನೋಡಿದರು. “ಸಾಯೋನ್ ತಾವ್ಲೂ ಸುಳ್ ಏಳ್ತೀಯಲ್ಲೋ,” ಎಂದು ಗೋಡೆಯ ಕಡೆ ಮಗ್ಗುಲಾದರು. ನನ್ನೊಡನೆ ಅವರಾಡಿದ ಕೊನೆಯ ಮಾತು ಅದು. ಮೂರನೇ ದಿನ ಹೋಗಿಬಿಟ್ಟರು.

ಹಗ್ಗ ಇನ್ನೂ ಬಂದಿಲ್ಲ. ಬೇಲಿ ಹಾಕಿದ ಬೀಚಿಗೆ ಇರುವುದು ಒಂದೇ ಗೇಟು. ಶನಿವಾರ ಸಂಜೆ ಅದಕ್ಕೆ ಬೀಗ ಹಾಕಿ, ಬೀಗದ ಕೈ ಜೇಬಿನಲ್ಲಿಟ್ಟುಕೊಂಡು ನಾಗಮಂಗಲದ ಬಸ್ಸು ಹತ್ತುತ್ತೇನೆ. ಇದು ನಾಲ್ಕನೇ ವಾರ. ಭಾನುವಾರ ಪೂರ್ತಿ ಎಂಜಿನಿಯರು ಫೋನು ಮಾಡುತ್ತಲೇ ಇರುತ್ತಾರೆ. ನಾನು ಎತ್ತುವುದಿಲ್ಲ.