ಕೊಬ್ಬರಿ ಕೇಳುವ ಕಿವಿ

ನುಗ್ಗೇಹಳ್ಳಿಯಲ್ಲಿ ಅಟ್ಟದ ಮೇಲಿನ ಕಾಯಿ ಕೊಬ್ಬರಿಯಾಗಿದೆಯೋ ಇಲ್ಲವೋ ಹೇಳಬೇಕಾದರೆ ನಮ್ಮ ಪಕ್ಕದ ಮನೆ ನಂಜಪ್ಪನೇ ಬರಬೇಕು. ಒಂದು ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾನೆ. ಒಳಗಿನ ಉಂಡೆ ಚಿಪ್ಪು ಬಿಟ್ಟು ಲೊಟಲೊಟ ಅಂದರೆ ಒಡೆಯಬಹುದು. "ಇನ್ನೂ ನೀರದೆ, ಬುಡಿ" ಅಂದನೆಂದರೆ ಯಾರೂ ಮುಟ್ಟುವುದಿಲ್ಲ.

ಅಂಥ ಕಿವಿಯವನಿಗೆ ಹೆಂಡತಿಯ ಮಾತು ಮಾತ್ರ ಕೇಳುವುದಿಲ್ಲವೆಂದರೆ ಯಾರು ನಂಬುತ್ತಾರೆ? ಲಕ್ಕಮ್ಮ ಮೊದಲೇ ಅನುಮಾನದ ಹೆಂಗಸು. ಅವನ ಬೆನ್ನ ಹಿಂದೆ ಚಮಚ ಬೀಳಿಸಿ ನೋಡಿದಳು; ತಿರುಗಿದ. ಟಿವಿ ಹಾಕಿದ್ದಾಗ ಮಾತಾಡಿಸಿದಳು, ಸುಮ್ಮನೆ ತಲೆಯಾಡಿಸಿದ.

"ಇವ್ರ ಮನಸ್ಸು ಬ್ಯಾರೆ ಎಲ್ಲೋ ಅದೆ ಕಣಕ್ಕ. ನಾನು ಬ್ಯಾಡವಾಗಿವ್ನಿ" ಎಂದು ನನ್ನ ಹತ್ತಿರ ಅತ್ತಳು. ಹಳೇಕೋಟೆಯ ತವರಿಗೆ ಹೊರಟುಬಿಡುವ ಯೋಚನೆ ಅವಳಿಗೆ. ಅದಕ್ಕೆ ಮೊದಲು ಗಂಡನ ನಾಟಕ ಬಯಲಾಗಲಿ ಎಂದು ಹಾಸನದ ಕಿವಿ ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು. ಸಾಕ್ಷಿಗೆ ನಾನು.

ಹೆಡ್‌ಫೋನ್ ಹಾಕಿ ಸಣ್ಣ ಸಣ್ಣ ಸದ್ದು ಕೇಳಿಸಿದರು. ಎಲ್ಲಕ್ಕೂ ಕೈ ಎತ್ತಿದ. ಲಕ್ಕಮ್ಮ ನನ್ನ ತೋಳು ಚಿವುಟಿದಳು. ಆಮೇಲೆ ತಲೆಗೆ ವೈರ್ ಅಂಟಿಸಿ ಇನ್ನೊಂದು ಪರೀಕ್ಷೆ ಮಾಡಿ ಡಾಕ್ಟರ್ ಸ್ನೇಹಲತಾ ಬಿಡಿಸಿ ಹೇಳಿದರು:

"ಕಿವಿಗೆ ಸದ್ದು ಬರ್ತಿದೆ. ಅದನ್ನ ಮಿದುಳಿಗೆ ಒಯ್ಯೋ ನರಕೋಶಗಳಲ್ಲಿ ಕಣ್ಣಿಗೆ ಕಾಣದ ಬಾಗಿಲುಗಳಿವೆ. ಅವುಗಳಲ್ಲಿ ಸೋಡಿಯಂ, ಪೊಟ್ಯಾಸಿಯಂ ಓಡಾಡಿದ್ರೇನೇ ನರ ಮಿಡಿಯೋದು. ಬಾಗಿಲು ತೆಗೆದು ಮುಚ್ಚೋ ಹೊತ್ತು ಒಂದು ಚೂರು ತಪ್ಪಿದ್ರೂ ಸದ್ದು ಸಿಗುತ್ತೆ, ಮಾತು ಕಲಸಿಹೋಗುತ್ತೆ. ಇವರಿಗೆ ಹಾಗೇ ಆಗಿರೋ ಹಾಗಿದೆ. ಗದ್ದಲದಲ್ಲಿ ಇನ್ನೂ ಕಷ್ಟ."

"ಡಾಕ್ಟ್ರಿಗೂ ಮೊದ್ಲೇ ಏಳ್ಕೊಟ್ಟವ್ರೆ" ಎಂದಳು ಲಕ್ಕಮ್ಮ, ಹೊರಗೆ ಬಂದವಳೇ. ನನಗೂ ಹಾಗೇ ಅನ್ನಿಸಿತು. ಕಣ್ಣಿಗೆ ಕಾಣದ ಬಾಗಿಲಂತೆ!

ವಾಪಸು ಬರುವ ಬಸ್ಸಿನಲ್ಲಿ ಕಿವಿಗಡಚಿಕ್ಕುವ ಸದ್ದು. ಅವರ ಹಿಂದಿನ ಸೀಟಿನಲ್ಲಿ ನಾನು ಮುಂದಕ್ಕೆ ಬಾಗಿ ಕೂತಿದ್ದೆ. ಲಕ್ಕಮ್ಮ ತಾನೇ ಒಂದು ಪರೀಕ್ಷೆಗೆ ಇಳಿದಳು. ಅವನ ಮುಖ ನೋಡದೆ, "ನಾ ಸತ್ರೆ ನಿಮ್ಗೆ ನೆಮ್ಮದಿ, ಅಲ್ವಾ?" ಎಂದಳು. ಹೌಹಾರಿ ಸಿಕ್ಕಿಬೀಳುತ್ತಾನೆ ಎಂದು ನಾನೂ ಕಾದೆ.

ನಂಜಪ್ಪ ಅವಳನ್ನು ಮೆಚ್ಚಿಸುವವನ ಹಾಗೆ ನಕ್ಕ. "ಊಂ ಕಣಮ್ಮಿ, ಅಂಗೇ ಆಗ್ಲಿ" ಎಂದ.

ನಾಟಕ ಆಡುವವನು ಅಂಥ ಮಾತಿಗೆ ಹಾಗೆ ನಗಲಾರ. ಇಷ್ಟು ದಿನ ತನಗೆ ಸಿಕ್ಕ ಹೂಂಗಳೆಲ್ಲ ಇಂಥವೇ ಎಂದು ತಿಳಿದು ಲಕ್ಕಮ್ಮನಿಗೆ ಸಂಕಟವಾಯಿತು, ಕಣ್ಣು ತುಂಬಿತು. ಅದನ್ನು ಕಂಡು ಅವನಿಗೆ ಗಾಬರಿ.

"ಏನಂದೆ? ನಂಗೆ ತಿಳೀನಿಲ್ಲ" ಎಂದ.

ಆ ಮಾತನ್ನು ಇನ್ನೊಂದು ಸಲ ಆಡಲು ಲಕ್ಕಮ್ಮನಿಗೆ ಬಾಯಿ ಬರಲಿಲ್ಲ.